ಬೆಳೆಯುವ ಎಲುಬು, ಹರಿದ ಲಿಗಮೆಂಟು

ಶ್ರಾವಣದ ಒಂದು ಸಂಜೆಯನ್ನು ಕಲ್ಪಿಸಿಕೊಳ್ಳಿ. ಬಬಲೇಶ್ವರ ಸೀಮೆಯ ಜೈನಾಪುರದಂಥ ಊರಿನ ಶಾಲೆಯ ಬಯಲು. ವಲಯ ಮಟ್ಟದ ಕ್ರೀಡಾಕೂಟಕ್ಕೆ ಇನ್ನು ಎಂಟೇ ದಿನ. ಬೆಳಗಿನ ಮಳೆಗೆ ಎರಿಮಣ್ಣು ಮೇಲೆ ಒಣಗಿ, ಒಳಗೆ ಇನ್ನೂ ಹಸಿಯಾಗಿದೆ. ಏಳನೇ ಇಯತ್ತೆಯ ಹುಡುಗಿಯೊಬ್ಬಳು ಖೋ ಖೋ ಕಂಬದತ್ತ ಓಡಿ ಬರುತ್ತಾಳೆ, ಗಕ್ಕನೆ ತಿರುಗುತ್ತಾಳೆ. ಪಾದ ಮಣ್ಣಿನಲ್ಲಿ ನೆಟ್ಟಂತೆ ನಿಲ್ಲುತ್ತದೆ, ಮೈ ಮಾತ್ರ ತಿರುಗುತ್ತದೆ. ‘ಕಟ್’ ಎಂಬ ಸಪ್ಪಳ. ಅವಳು ಅಲ್ಲೇ ಕುಸಿದು ಕೂಡುತ್ತಾಳೆ. ಯಾರೂ ಅವಳನ್ನು ದೂಡಿಲ್ಲ, ಯಾರೂ ಮುಟ್ಟಿಯೂ ಇಲ್ಲ.

“ಏನಾತವಾ?”

“ಮೊಣಕಾಲಾಗ ಏನೋ ಹರದಂಗಾತ್ರಿ ಸರ.”

ಉಳುಕಿರಬೇಕು ಎಂದು ಎಲ್ಲರೂ ಹೇಳುತ್ತಾರೆ. ರಾತ್ರಿಯಾಗುವಷ್ಟರಲ್ಲಿ ಮೊಣಕಾಲು ತೆಂಗಿನಕಾಯಿಯಂತೆ ಬಾತಿರುತ್ತದೆ. ಅಜ್ಜಿ ಎಣ್ಣೆ ಕಾಸಿ ತಿಕ್ಕುತ್ತಾಳೆ. ಮರುದಿನ ಎಕ್ಸ್‌ರೇ ತೆಗೆಸಿದರೆ ಎಲುಬು ಮುರಿದಿಲ್ಲವೆಂದು ತಿಳಿದು ಮನೆಮಂದಿಗೆಲ್ಲ ಸಮಾಧಾನ. ಹದಿನೈದು ದಿನಕ್ಕೆ ಬಾವು ಇಳಿಯುತ್ತದೆ. ಹುಡುಗಿ ನಡೆಯುತ್ತಾಳೆ, ನೀರಿನ ಕೊಡವನ್ನೂ ಹೊರುತ್ತಾಳೆ. ಆದರೆ ಮತ್ತೆ ಆಡಲು ಹೋಗಿ ತಿರುಗಿದಳೆಂದರೆ ಮೊಣಕಾಲು ‘ಜರಿದಂತೆ’ ಆಗಿ ಬೀಳುತ್ತಾಳೆ. ಹೀಗೆ ಎರಡು ಮೂರು ಸಲವಾದ ಮೇಲೆ ವಿಜಯಪುರದ ದೊಡ್ಡ ಆಸ್ಪತ್ರೆ, ಎಂ.ಆರ್.ಐ., ಮತ್ತು ತಂದೆ ಹಿಂದೆಂದೂ ಕೇಳದ ಒಂದು ಮಾತು: ಲಿಗಮೆಂಟು ಹರಿದಿದೆ, ಆಪರೇಷನ್ ಬೇಕಾಗಬಹುದು. ಆದರೆ ಹುಡುಗಿ ಇನ್ನೂ ಬೆಳೆಯುತ್ತಿದ್ದಾಳೆ, ವಿಚಾರ ಮಾಡಬೇಕು.

ಆಗ ತಂದೆಯ ಬಾಯಿಂದ ಬರುವ ಮೊದಲ ಪ್ರಶ್ನೆ ಆಟದ್ದಲ್ಲ. “ಕಾಲು ಗಿಡ್ಡ ಆಗ್ತದೇನ್ರಿ ಸಾಹೇಬ್ರ?”

ಈ ಹುಡುಗಿ ಕಲ್ಪನೆಯವಳು. ಪ್ರಶ್ನೆ ಮಾತ್ರ ನಿಜವಾದದ್ದು. ಜಗತ್ತಿನ ಹೆಸರಾಂತ ಮೂಳೆ ವೈದ್ಯರು ನಾಲ್ಕೈದು ದಶಕಗಳಿಂದ ತಲೆ ಕೆಡಿಸಿಕೊಂಡಿರುವುದೂ ಇದೇ ಪ್ರಶ್ನೆಗೆ.

ಮೊಣಕಾಲಿನ ಒಳಗೆ

ಮೊಣಕಾಲು ಮೇಲಿನ ತೊಡೆಯೆಲುಬೂ ಕೆಳಗಾಲಿನ ದೊಡ್ಡ ಎಲುಬೂ ಸೇರುವ ಜಾಗ. ಬಾಗಿಲಿನ ಬಿಜಾಗರಿಯಂತೆ ಒಂದೇ ದಿಕ್ಕಿಗೆ ಮಡಚುವ ಕೀಲು ಎಂದು ಮೇಲುನೋಟಕ್ಕೆ ಅನ್ನಿಸಿದರೂ ಅದು ಸ್ವಲ್ಪ ಜಾರುತ್ತದೆ, ಸ್ವಲ್ಪ ತಿರುಗುತ್ತದೆ ಕೂಡ. ಈ ಎರಡು ಎಲುಬುಗಳನ್ನು ಹಿಡಿದಿಟ್ಟಿರುವುದು ನಾಲ್ಕು ಮುಖ್ಯ ಅಸ್ಥಿರಜ್ಜುಗಳು, ಅಂದರೆ ಲಿಗಮೆಂಟುಗಳು. ಎರಡು ಇಕ್ಕೆಲಗಳಲ್ಲಿವೆ. ಇನ್ನೆರಡು ಕೀಲಿನ ನಟ್ಟನಡುವೆ ಒಂದನ್ನೊಂದು ಅಡ್ಡ ಹಾಯ್ದು ಕತ್ತರಿಯಾಕಾರದಲ್ಲಿವೆ. ಇವುಗಳಲ್ಲಿ ಮುಂದಿನದು ಕೆಳಗಾಲಿನ ಎಲುಬು ಮುಂದಕ್ಕೆ ಜಾರದಂತೆಯೂ ಅತಿಯಾಗಿ ತಿರುಗದಂತೆಯೂ ತಡೆಯುತ್ತದೆ. ಕ್ರೀಡಾಪುಟಗಳಲ್ಲಿ ಎ.ಸಿ.ಎಲ್. ಎಂಬ ಮೂರಕ್ಷರದಲ್ಲಿ ಕಾಣಿಸುವುದು ಇದೇ. ಓಡುತ್ತ ಗಕ್ಕನೆ ನಿಲ್ಲುವುದು, ದಿಕ್ಕು ಬದಲಿಸುವುದು, ಜಿಗಿದು ಒಂಟಿಗಾಲಲ್ಲಿ ಇಳಿಯುವುದು ಈ ರಜ್ಜುವಿಗೆ ಅಪಾಯದ ಗಳಿಗೆಗಳು. ಕಬಡ್ಡಿ, ಖೋ ಖೋ, ಫುಟ್‌ಬಾಲ್, ವಾಲಿಬಾಲ್, ಕುಸ್ತಿ ಎಲ್ಲದರಲ್ಲೂ ಇವು ಇದ್ದೇ ಇವೆ.

ವಿಜಯಪುರವೆಂದರೆ ಸೈಕಲ್ಲಿನ ಊರು. ಇಲ್ಲಿನ ರಸ್ತೆಗಳ ಮೇಲೆ ಬೆವರು ಸುರಿಸಿದ ಎಷ್ಟೋ ಹುಡುಗ ಹುಡುಗಿಯರು ರಾಷ್ಟ್ರಮಟ್ಟಕ್ಕೆ ಹೋಗಿದ್ದಾರೆ. ಸೈಕಲ್ ತುಳಿಯುವವರಿಗೆ ಈ ಪೆಟ್ಟು ಅಪರೂಪ. ಬಿದ್ದರೆ ಮಾತು ಬೇರೆ, ತುಳಿಯುವಾಗ ಕಾಲು ಒಂದೇ ಸಮತಲದಲ್ಲಿ ಸುತ್ತುತ್ತದೆ, ತಿರುಚುವುದಿಲ್ಲ. ಲಿಗಮೆಂಟು ಆಪರೇಷನ್ ಆದವರಿಗೆ ಮೊದಲು ಮಾಡಿಸುವ ವ್ಯಾಯಾಮಗಳಲ್ಲಿ ನಿಂತಲ್ಲೇ ಸೈಕಲ್ ತುಳಿಯುವುದೂ ಒಂದು ಎಂಬುದನ್ನು ಈ ಊರಿನವರು ಹೆಮ್ಮೆಯಿಂದ ನೆನಪಿಡಬಹುದು.

ಈ ರಜ್ಜುವಿನ ದೊಡ್ಡ ದೋಷವೆಂದರೆ ಅದು ಪೂರ್ತಿ ಹರಿದರೆ ತಾನಾಗಿ ಗಟ್ಟಿಯಾಗಿ ಕೂಡುವುದು ಕಡಿಮೆ. ಚರ್ಮ ಕೂಡುತ್ತದೆ, ಎಲುಬು ಕೂಡುತ್ತದೆ, ಮೊಣಕಾಲಿನ ಒಳಬದಿಯ ಲಿಗಮೆಂಟೂ ಬಹಳ ಸಲ ಕೂಡುತ್ತದೆ. ಕೀಲಿನ ನಡುವೆ ದ್ರವದಲ್ಲಿ ಅದ್ದಿಕೊಂಡಿರುವ ಈ ರಜ್ಜು ಮಾತ್ರ ತುಂಡಾದ ಹಗ್ಗದ ಹಾಗೆ ಜೋತುಬೀಳುತ್ತದೆ. ಆಪರೇಷನ್‌ನಲ್ಲಿ ಮಾಡುವುದು ಹೆಚ್ಚಾಗಿ ಹರಿದದ್ದನ್ನು ಹೊಲಿಯುವ ಕೆಲಸವಲ್ಲ. ರೋಗಿಯದೇ ತೊಡೆಯ ಹಿಂಭಾಗದ ಅಥವಾ ಮೊಣಚಿಪ್ಪಿನ ಕೆಳಗಿನ ಸ್ನಾಯುರಜ್ಜುವನ್ನು ತೆಗೆದು, ಎರಡೂ ಎಲುಬುಗಳಲ್ಲಿ ಸುರಂಗ ಕೊರೆದು, ಅದರಲ್ಲಿ ಪೋಣಿಸಿ ಹೊಸ ಲಿಗಮೆಂಟು ಕಟ್ಟುತ್ತಾರೆ. ಬ್ರಿಟನ್ನಿನ ಲೀಡ್ಸ್ ನಗರದಲ್ಲಿ ಮೇಯೊ ರಾಬ್ಸನ್ ಎಂಬ ಶಸ್ತ್ರವೈದ್ಯ 1895ರಲ್ಲಿ ಒಬ್ಬ ಗಣಿಕಾರ್ಮಿಕನ ಹರಿದ ಲಿಗಮೆಂಟುಗಳನ್ನು ಹೊಲಿದದ್ದು ಈ ಚಿಕಿತ್ಸೆಯ ಮೊದಲ ದಾಖಲೆಗಳಲ್ಲೊಂದು. ಆ ಗಣಿಕಾರ್ಮಿಕ ಬೆಳೆದು ನಿಂತ ಗಂಡಸು. ಬೆಳೆಯುವ ಮಕ್ಕಳ ವಿಚಾರ ಆಗ ಯಾರ ಮುಂದೆಯೂ ಇರಲಿಲ್ಲ.

ಕೋಳಿಮರಿ ಹೇಳಿದ ಸತ್ಯ

ಎಲುಬು ಬೆಳೆಯುವುದು ಹೇಗೆ? ರೊಟ್ಟಿ ಬಡಿದಂತೆ ಎಲ್ಲ ಕಡೆಗೂ ಹಿಗ್ಗುತ್ತದೆಯೇ? ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಎಂಬ ಪಾದ್ರಿಗೆ ಈ ಕುತೂಹಲವಿತ್ತು. 1727ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಆತ ಒಂದು ಪ್ರಯೋಗವನ್ನು ವಿವರಿಸಿದ್ದಾನೆ. ಅರ್ಧ ಬೆಳೆದ ಕೋಳಿಮರಿಯ ಕಾಲಿನ ಎಲುಬಿನಲ್ಲಿ ಅರ್ಧ ಅಂಗುಲ ಅಂತರದಲ್ಲಿ ಎರಡು ಚಿಕ್ಕ ತೂತು ಮಾಡಿದ. ಎರಡು ತಿಂಗಳ ನಂತರ ನೋಡಿದರೆ ಎಲುಬು ಒಂದು ಅಂಗುಲದಷ್ಟು ಉದ್ದವಾಗಿತ್ತು. ತೂತುಗಳ ನಡುವಿನ ಅಂತರ ಮಾತ್ರ ಅಷ್ಟೇ ಇತ್ತು! ಎಲುಬು ನಡುವೆ ಬೆಳೆಯುವುದಿಲ್ಲ, ತುದಿಗಳಲ್ಲಿ ಬೆಳೆಯುತ್ತದೆ.

ಆ ತುದಿಗಳಲ್ಲಿ ಇರುವುದು ಮೃದ್ವಸ್ಥಿಯ ತೆಳು ಪದರ. ಅದನ್ನು ‘ಬೆಳವಣಿಗೆ ಪಟ್ಟಿ’ ಎನ್ನೋಣ. ಅಲ್ಲಿ ಹೊಸ ಕೋಶಗಳು ಸಾಲುಸಾಲಾಗಿ ಹುಟ್ಟುತ್ತ, ಹಿಂದಿನವು ಸುಣ್ಣ ತುಂಬಿಕೊಂಡು ಗಟ್ಟಿ ಎಲುಬಾಗುತ್ತ ಹೋಗುತ್ತವೆ. ಎಕ್ಸ್‌ರೇಯಲ್ಲಿ ಇದು ಎಲುಬಿನ ತುದಿಯ ಬಳಿ ಕಪ್ಪು ಗೆರೆಯಂತೆ ಕಾಣುತ್ತದೆ. ಮಗನ ಎಕ್ಸ್‌ರೇ ನೋಡಿ “ಇಲ್ಲಿ ಸೀಳೇತಲ್ಲರಿ” ಎಂದು ಗಾಬರಿಯಾಗುವ ತಂದೆತಾಯಿಗಳುಂಟು. ಅದು ಸೀಳಲ್ಲ, ಮಗ ಇನ್ನೂ ಎತ್ತರವಾಗಲಿದ್ದಾನೆ ಎಂಬುದರ ಗುರುತು. ಬೆಳವಣಿಗೆ ಮುಗಿದಾಗ ಈ ಗೆರೆ ಮಾಯವಾಗುತ್ತದೆ.

ಕಾಲಿನ ಬೆಳವಣಿಗೆಯ ದೊಡ್ಡ ಪಾಲು ಆಗುವುದು ಮೊಣಕಾಲಿನ ಸುತ್ತಲೇ. ತೊಡೆಯೆಲುಬಿನ ಉದ್ದದಲ್ಲಿ ನೂರಕ್ಕೆ ಸುಮಾರು 70 ಪಾಲು ಅದರ ಕೆಳತುದಿಯ ಪಟ್ಟಿಯಿಂದ ಬರುತ್ತದೆ. ಕೆಳಗಾಲಿನ ಎಲುಬಿನಲ್ಲೂ ಅರ್ಧಕ್ಕಿಂತ ಹೆಚ್ಚು ಅದರ ಮೇಲ್ತುದಿಯಿಂದಲೇ. ಮೂಳೆ ವೈದ್ಯರು ಬಾಯಿಪಾಠ ಮಾಡಿಕೊಂಡಿರುವ ಲೆಕ್ಕವೊಂದಿದೆ: ಮೊಣಕಾಲಿನ ಮೇಲಿನ ಪಟ್ಟಿ ವರ್ಷಕ್ಕೆ ಸುಮಾರು 9 ಮಿಲಿಮೀಟರ್, ಕೆಳಗಿನದು 6 ಮಿಲಿಮೀಟರ್, ಹುಡುಗಿಯರಿಗೆ ಸುಮಾರು 14 ವರ್ಷಕ್ಕೆ, ಹುಡುಗರಿಗೆ 16ಕ್ಕೆ ಮುಕ್ತಾಯ. ಅಂದರೆ ಎರಡೂ ಸೇರಿ ವರ್ಷಕ್ಕೆ ಒಂದೂವರೆ ಸೆಂಟಿಮೀಟರ್. ಹನ್ನೊಂದು ವರ್ಷದ ಹುಡುಗನ ಮೊಣಕಾಲಿನಲ್ಲಿ ಏಳೂವರೆ ಸೆಂಟಿಮೀಟರ್ ಬೆಳವಣಿಗೆ ಇನ್ನೂ ಬಾಕಿ ಇದೆ. ಹದಿಮೂರು ವರ್ಷದ ಹುಡುಗಿಗೆ ಒಂದೂವರೆಯಷ್ಟೇ. ತಂದೆಯ ಪ್ರಶ್ನೆಗೆ ಉತ್ತರ ಒಬ್ಬೊಬ್ಬರಿಗೆ ಒಂದೊಂದು ಆಗುವುದು ಇದೇ ಕಾರಣಕ್ಕೆ.

ಈಗ ತೊಡಕು ಎಲ್ಲಿದೆ ನೋಡಿ. ದೊಡ್ಡವರಿಗೆ ಮಾಡುವ ಆಪರೇಷನ್‌ನಲ್ಲಿ ಸುರಂಗ ಹಾಯುವುದು ಈ ಪಟ್ಟಿಗಳಿದ್ದ ಜಾಗದ ಮೂಲಕವೇ. ದೊಡ್ಡವರಲ್ಲಿ ಪಟ್ಟಿ ಮುಚ್ಚಿರುತ್ತದೆ, ಚಿಂತೆಯಿಲ್ಲ. ಮಕ್ಕಳಲ್ಲಿ ಪಟ್ಟಿಯ ಒಂದು ಬದಿಗೆ ಪೆಟ್ಟಾಗಿ ಅಲ್ಲಿ ಎಲುಬಿನ ಸೇತುವೆ ಕಟ್ಟಿಕೊಂಡರೆ ಆ ಬದಿ ನಿಲ್ಲುತ್ತದೆ, ಇನ್ನೊಂದು ಬದಿ ಬೆಳೆಯುತ್ತಲೇ ಹೋಗುತ್ತದೆ. ಒಂದು ಮಗ್ಗುಲಿಗೆ ಕಲ್ಲು ಅಡ್ಡ ಬಂದ ಗಿಡ ವಾಲಿ ಬೆಳೆದಂತೆ ಕಾಲು ಬಾಗುತ್ತದೆ. ಇಡೀ ಪಟ್ಟಿಯೇ ನಿಂತರೆ ಆ ಕಾಲು ಗಿಡ್ಡವಾಗುತ್ತದೆ.

ಇದು ಬರೀ ಅಂಜಿಕೆಯಲ್ಲ. ಅಮೆರಿಕದ ಅನುಭವಿ ಶಸ್ತ್ರವೈದ್ಯರನ್ನು ಕೇಳಿ ಕಲೆಹಾಕಿ 2002ರಲ್ಲಿ ಪ್ರಕಟಿಸಿದ ವರದಿಯೊಂದರಲ್ಲಿ ಇಂಥ 15 ಪ್ರಕರಣಗಳಿದ್ದವು. ಹೆಚ್ಚಿನವರಲ್ಲಿ ಮೊಣಕಾಲು ಒಳಕ್ಕೆ ಬಾಗಿತ್ತು, ಇಬ್ಬರಲ್ಲಿ ಕಾಲಿನ ಉದ್ದದಲ್ಲೇ ವ್ಯತ್ಯಾಸ ಬಂದಿತ್ತು. ಕಾರಣಗಳನ್ನು ಹುಡುಕಿದಾಗ ಕಂಡದ್ದು ಬಹಳ ಮಾಡಿ ತಪ್ಪಿಸಬಹುದಾದ ಸಂಗತಿಗಳೇ: ಪಟ್ಟಿಗೆ ಅಡ್ಡಲಾಗಿ ಹಾಕಿದ ಸ್ಕ್ರೂ, ಪಟ್ಟಿಯ ನಡುವೆ ಸಿಕ್ಕಿಸಿದ ಎಲುಬಿನ ತುಂಡು, ಅತಿ ಅಗಲದ ಸುರಂಗ.

ಕಾಯುವುದೇ, ಕೊಯ್ಯುವುದೇ?

ಒಂದು ಕಾಲಕ್ಕೆ ವೈದ್ಯರ ಉತ್ತರ ಸರಳವಾಗಿತ್ತು. ಎಲುಬು ಬಲಿಯುವವರೆಗೆ ಪಟ್ಟಿ ಕಟ್ಟಿಕೊಂಡು ಕಾಯಿರಿ, ಆಟ ಬಿಡಿರಿ, ಆಮೇಲೆ ಆಪರೇಷನ್ ಮಾಡೋಣ. ಕೇಳಲು ಜಾಣತನದ ಮಾತು. ಆದರೆ ಹತ್ತು ಹನ್ನೊಂದು ವರ್ಷದ ಮಗುವಿಗೆ ನಾಲ್ಕು ವರ್ಷ ಓಡಬೇಡ ಎಂದು ಹೇಳಿ ನೋಡಿದವರಿಗೆ ಅದರ ಬೆಲೆ ಗೊತ್ತು. ಶಾಲೆಯ ಗಂಟೆ ಬಾರಿಸಿದೊಡನೆ ಮಕ್ಕಳು ಓಡುವವರೇ. ಒಂದೊಂದು ಸಲ ಮೊಣಕಾಲು ಜರಿದಾಗಲೂ ಎರಡು ಎಲುಬುಗಳ ನಡುವೆ ಗಾದಿಯಂತೆ ಕುಳಿತಿರುವ ಮೆನಿಸ್ಕಸ್ ಎಂಬ ಮೃದ್ವಸ್ಥಿ ಅರೆದುಹೋಗುತ್ತದೆ. ಅಮೆರಿಕದಲ್ಲಿ ಹದಿನಾಲ್ಕು ವರ್ಷ ಹಾಗೂ ಅದಕ್ಕಿಂತ ಕೆಳಗಿನ 70 ಮಕ್ಕಳನ್ನು ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪೆಟ್ಟಾದ ಹನ್ನೆರಡು ವಾರಗಳ ನಂತರ ಆಪರೇಷನ್ ಆದವರಲ್ಲಿ ಈ ಗಾದಿಯೂ ಕೀಲಿನ ನುಣುಪು ಹೊದಿಕೆಯೂ ಹೆಚ್ಚು ಕೆಟ್ಟಿದ್ದವು. ಗಾದಿ ಸವೆದ ಮೊಣಕಾಲಿಗೆ ನಡುವಯಸ್ಸಿನಲ್ಲೇ ಮುದುಕರ ಸಂಧಿವಾತ ಬರುವ ಸಂಭವ ಹೆಚ್ಚು. ಕಾಲು ಬಾಗೀತೆಂದು ಹೆದರಿ ಕಾಯುತ್ತ ಕುಳಿತರೆ ಕೀಲೇ ಕೆಡುತ್ತದೆ.

ಈ ಇಕ್ಕಟ್ಟಿನಿಂದ ಹೊರಬರಲು ಮಕ್ಕಳಿಗೇ ಬೇರೆ ವಿಧಾನಗಳು ಹುಟ್ಟಿದವು. ಅಮೆರಿಕದ ಬಾಸ್ಟನ್ ನಗರದ ಮಕ್ಕಳ ಆಸ್ಪತ್ರೆಯ ವೈದ್ಯರಾದ ಲೈಲ್ ಮಿಖೇಲಿ ಮತ್ತು ಮಿನಿಂದರ್ ಕೋಚರ್ ಬೆಳೆಸಿದ ವಿಧಾನದಲ್ಲಿ ಎಲುಬು ಕೊರೆಯುವ ಕೆಲಸವೇ ಇಲ್ಲ. ತೊಡೆಯ ಹೊರಬದಿಯಲ್ಲಿ ಸೊಂಟದಿಂದ ಇಳಿದು ಬರುವ ಗಟ್ಟಿ ಪಟ್ಟಿಯ ಒಂದು ಭಾಗವನ್ನು ಮೇಲೆ ಕೊಯ್ದು, ಕೆಳತುದಿಯನ್ನು ಹಾಗೇ ಬಿಟ್ಟು, ತೊಡೆಯೆಲುಬಿನ ಹಿಂದಿನಿಂದ ಕೀಲಿನೊಳಕ್ಕೆ ಸುತ್ತಿ ತಂದು ಮುಂದೆ ಹೊಲಿಯುತ್ತಾರೆ. ಸರಾಸರಿ ಹತ್ತು ವರ್ಷ ದಾಟಿದ 44 ಮಕ್ಕಳ ಮೇಲೆ ಇದನ್ನು ಮಾಡಿದ ಫಲಿತಾಂಶವನ್ನು 2005ರಲ್ಲಿ ಅವರು ಪ್ರಕಟಿಸಿದರು. ಯಾರ ಕಾಲೂ ಬಾಗಲಿಲ್ಲ, ಗಿಡ್ಡವಾಗಲಿಲ್ಲ. ಇಬ್ಬರಲ್ಲಿ ಮಾತ್ರ ವರ್ಷಗಳ ನಂತರ ಹೊಸ ಲಿಗಮೆಂಟು ಸೋತಿತು. ಇನ್ನೊಂದು ವಿಧಾನದಲ್ಲಿ ಸುರಂಗ ಕೊರೆದರೂ ಬೆಳವಣಿಗೆ ಪಟ್ಟಿಗೆ ತಾಗದಂತೆ ಎಲುಬಿನ ತುದಿಯ ತುಣುಕಿನೊಳಗೇ ಕೊರೆಯುತ್ತಾರೆ. ಜಾಗ ಬೆರಳಗಲವೂ ಇರುವುದಿಲ್ಲವಾದ್ದರಿಂದ ಆಪರೇಷನ್ ಕೋಣೆಯಲ್ಲೇ ಎಕ್ಸ್‌ರೇ ಪರದೆ ನೋಡುತ್ತ ಮಾಡಬೇಕು. ಬೆಳವಣಿಗೆ ಮುಗಿಯುವ ಹಂತಕ್ಕೆ ಬಂದವರಿಗೆ ದೊಡ್ಡವರ ವಿಧಾನವನ್ನೇ ಎಚ್ಚರದಿಂದ ಬಳಸುತ್ತಾರೆ. ಸುರಂಗ ಸಣ್ಣದು, ಪಟ್ಟಿಯ ನಡುಭಾಗದಲ್ಲಿ ಆದಷ್ಟು ನೇರ, ಒಳಗೆ ಮೆತ್ತಗಿನ ಸ್ನಾಯುರಜ್ಜು ಮಾತ್ರ. ಸ್ಕ್ರೂ ಆಗಲಿ ಎಲುಬಿನ ತುಂಡಾಗಲಿ ಪಟ್ಟಿಗೆ ಅಡ್ಡ ಬರಕೂಡದು.

ಆಸ್ಟ್ರೇಲಿಯದ ಸಿಡ್ನಿಯಲ್ಲಂತೂ ಮಗುವಿನ ಕಾಲಿನ ಸ್ನಾಯುರಜ್ಜುವನ್ನು ತೆಗೆಯದೆ ತಂದೆಯ ಅಥವಾ ತಾಯಿಯ ತೊಡೆಯಿಂದ ತೆಗೆದು ಮಗುವಿಗೆ ಕೂರಿಸಿದ್ದಾರೆ. ಇದು ಎಲ್ಲೆಡೆ ನಡೆಯುವ ಪದ್ಧತಿಯಲ್ಲ. ಮಕ್ಕಳಿಗಾಗಿ ಏನನ್ನಾದರೂ ಕೊಡುತ್ತೇವೆ ಎನ್ನುವ ಪಾಲಕರ ಮಾತು ಅಲ್ಲಿ ಅಕ್ಷರಶಃ ನಿಜವಾಯಿತು ಅಷ್ಟೇ.

ಹರಿದ ಮಗುವಿಗೆಲ್ಲ ಆಪರೇಷನ್ ಬೇಕೇ ಬೇಕು ಎಂದೂ ಇಲ್ಲ. ನಾರ್ವೆಯ ತಜ್ಞರು ಚಿಕ್ಕ ಮಕ್ಕಳಿಗೆ ಮೊದಲು ಕಟ್ಟುನಿಟ್ಟಾದ ವ್ಯಾಯಾಮ ಚಿಕಿತ್ಸೆ ಕೊಟ್ಟು ನೋಡಿದರು. ಹಲವರು ಆಪರೇಷನ್ ಇಲ್ಲದೆಯೇ ನಿಭಾಯಿಸಿದರು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಕರೆದ ತಜ್ಞರ ಸಭೆ 2018ರಲ್ಲಿ ಪ್ರಕಟಿಸಿದ ಹೇಳಿಕೆಯೂ ಎರಡೂ ದಾರಿಗಳನ್ನು ಒಪ್ಪುತ್ತದೆ. ಹೊಲಿಯಬಹುದಾದ ಮೆನಿಸ್ಕಸ್ ಪೆಟ್ಟು ಜೊತೆಗಿದ್ದರೆ, ವ್ಯಾಯಾಮ ಮಾಡಿದ ಮೇಲೂ ಮೊಣಕಾಲು ಮತ್ತೆ ಮತ್ತೆ ಜರಿಯುತ್ತಿದ್ದರೆ ಆಪರೇಷನ್ ಕಡೆಗೆ ತಕ್ಕಡಿ ವಾಲುತ್ತದೆ. ಆಪರೇಷನ್ ಬೇಡ ಎಂದರೆ ಚಿಕಿತ್ಸೆಯೇ ಬೇಡ ಎಂದಲ್ಲ. ನಮ್ಮಲ್ಲಿ ತಪ್ಪುವುದು ಇಲ್ಲಿಯೇ. ಕೊಯ್ಯಬೇಕಾಗಿಲ್ಲ ಎಂದ ಕೂಡಲೇ ಮನೆಗೆ ಕರೆದುಕೊಂಡು ಹೋಗಿ ಮರೆತುಬಿಡುತ್ತೇವೆ.

ಜೂನ್ ಒಂದರ ಹುಟ್ಟುಹಬ್ಬ

ಇಷ್ಟೆಲ್ಲ ಲೆಕ್ಕ ನಿಂತಿರುವುದು ಒಂದೇ ಪ್ರಶ್ನೆಯ ಮೇಲೆ: ಮಗುವಿನ ವಯಸ್ಸೆಷ್ಟು? ಉತ್ತರ ಕರ್ನಾಟಕದ ಶಾಲೆಗಳ ದಾಖಲೆ ಪುಸ್ತಕ ತೆರೆದು ನೋಡಿದವರಿಗೆ ಗೊತ್ತು, ಒಂದು ಕಾಲಕ್ಕೆ ಊರಿನ ಅರ್ಧ ಮಕ್ಕಳು ಹುಟ್ಟಿದ್ದು ಜೂನ್ 1ರಂದೇ! ಶಾಲೆ ಶುರುವಾಗುವ ದಿನವೇ ಜನ್ಮದಿನ. ಈಗ ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಜನನ ಪ್ರಮಾಣಪತ್ರ ಬರುತ್ತಿರುವುದರಿಂದ ಈ ಹಾವಳಿ ತಗ್ಗಿದೆ. ಆದರೆ ಇನ್ನೊಂದು ಹಾವಳಿ ಉಳಿದಿದೆ. ಹದಿನಾಲ್ಕರ ಒಳಗಿನವರ ತಂಡಕ್ಕೆ ಸೇರಿಸಲು, ಆಯ್ಕೆಯಲ್ಲಿ ಇನ್ನೊಂದು ವರ್ಷ ಅವಕಾಶ ಸಿಗಲೆಂದು ವಯಸ್ಸು ತಗ್ಗಿಸಿ ಬರೆಸುವುದು. ಭಾರತೀಯ ಕ್ರಿಕೆಟ್ ಮಂಡಳಿ ಕಿರಿಯ ಆಟಗಾರರ ಮಣಿಕಟ್ಟಿನ ಎಕ್ಸ್‌ರೇ ತೆಗೆಸಿ ಎಲುಬಿನ ವಯಸ್ಸು ನೋಡುವ ಪದ್ಧತಿ ತಂದದ್ದು ಇದೇ ಮೋಸಕ್ಕೆ ಕಡಿವಾಣ ಹಾಕಲು.

ಅದೇ ಎಕ್ಸ್‌ರೇ ಇಲ್ಲಿ ಬೇರೆ ಕೆಲಸಕ್ಕೆ ಬರುತ್ತದೆ. ಎಡಗೈಯ ಮತ್ತು ಮಣಿಕಟ್ಟಿನ ಚಿಕ್ಕ ಎಲುಬುಗಳು ಎಷ್ಟು ಬಲಿತಿವೆ ಎಂಬುದನ್ನು ಮಾದರಿ ಚಿತ್ರಗಳೊಂದಿಗೆ ಹೋಲಿಸಿ ಎಲುಬಿನ ವಯಸ್ಸು ಹೇಳುತ್ತಾರೆ. ಅದು ಪಂಚಾಂಗದ ವಯಸ್ಸಿಗಿಂತ ಒಂದೆರಡು ವರ್ಷ ಹಿಂದುಮುಂದಾಗುವುದು ಅಸಹಜವಲ್ಲ. ಹದಿಮೂರರ ಇಬ್ಬರು ಹುಡುಗರಲ್ಲಿ ಒಬ್ಬನಿಗೆ ಮೀಸೆ ಮೂಡಿರುತ್ತದೆ, ಇನ್ನೊಬ್ಬನ ದನಿಯೂ ಒಡೆದಿರುವುದಿಲ್ಲ. ಇಬ್ಬರಿಗೂ ಒಂದೇ ಆಪರೇಷನ್ ಸರಿಯಾಗದು. ಹುಡುಗಿಯಾದರೆ ಮುಟ್ಟು ಶುರುವಾಗಿದೆಯೇ, ಯಾವಾಗ ಎಂದು ವೈದ್ಯರು ಕೇಳುತ್ತಾರೆ, ಏಕೆಂದರೆ ಅದಾದ ಮೇಲೆ ಎಲುಬಿನ ಬೆಳವಣಿಗೆ ನಿಧಾನವಾಗುತ್ತ ಹೋಗುತ್ತದೆ. ಸಂಕೋಚದಿಂದ ತಾಯಿ ತಲೆ ತಗ್ಗಿಸಿ ಸುಮ್ಮನಾದರೆ, ಅಥವಾ ತಂದೆ ಶಾಲೆಯ ಕಾಗದದಲ್ಲಿದ್ದ ವಯಸ್ಸನ್ನೇ ಒಪ್ಪಿಸಿದರೆ, ಲೆಕ್ಕ ತಪ್ಪುವುದು ಮಗುವಿನ ಕಾಲಿನಲ್ಲಿ. ವೈದ್ಯರ ಎದುರು ನಿಜವಾದ ವಯಸ್ಸು ಹೇಳಿದರೆ ಯಾರೂ ತಂಡದಿಂದ ಹೆಸರು ಹೊಡೆಯುವುದಿಲ್ಲ.

ಅಂದಹಾಗೆ, ಚಿಕ್ಕ ಮಕ್ಕಳಲ್ಲಿ ಲಿಗಮೆಂಟು ಹರಿಯುವ ಬದಲು ಅದು ಅಂಟಿಕೊಂಡಿರುವ ಎಲುಬಿನ ಚೂರೇ ಕಿತ್ತು ಬರುವುದುಂಟು. ಮಕ್ಕಳ ಎಲುಬಿಗಿಂತ ರಜ್ಜುವೇ ಗಟ್ಟಿ! ಅಂಥ ಚೂರನ್ನು ಹೊತ್ತಿಗೆ ಸರಿಯಾಗಿ ಕೂರಿಸಿದರೆ ಒಳ್ಳೆಯ ಫಲ ಸಿಗುತ್ತದೆ. ಬಾತ ಮೊಣಕಾಲನ್ನು ಎಣ್ಣೆ ಹಚ್ಚಿ ತಿಕ್ಕಿ ತಿರುವುವುದು ಈ ಕಾರಣಕ್ಕೂ ಕೂಡದು. ಪೆಟ್ಟಾದ ಮೊದಲ ದಿನಗಳಲ್ಲಿ ಬೇಕಾದದ್ದು ವಿಶ್ರಾಂತಿ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ, ಹದವಾದ ಬಿಗಿಯ ಪಟ್ಟಿ, ಕಾಲೆತ್ತಿ ಇಡುವುದು. ಆಡುವಾಗ ಸಪ್ಪಳ ಕೇಳಿಸಿ, ಕೆಲವೇ ತಾಸುಗಳಲ್ಲಿ ಮೊಣಕಾಲು ಬಾತರೆ ಒಳಗೆ ರಕ್ತ ತುಂಬಿದೆ ಎಂದೇ ತಿಳಿಯಬೇಕು. ಎಕ್ಸ್‌ರೇಯಲ್ಲಿ ಲಿಗಮೆಂಟು ಕಾಣುವುದಿಲ್ಲ. ‘ಎಲುಬು ಮುರಿದಿಲ್ಲ’ ಎಂಬ ಮಾತು ‘ಏನೂ ಆಗಿಲ್ಲ’ ಎಂಬ ಮಾತಲ್ಲ. ಬಾವು ಇಳಿದ ಮೇಲೆ ಮೂಳೆ ವೈದ್ಯರು ಮೊಣಕಾಲನ್ನು ತುಸು ಮಡಚಿ, ಒಂದು ಕೈಯಲ್ಲಿ ತೊಡೆ ಹಿಡಿದು ಇನ್ನೊಂದರಲ್ಲಿ ಕೆಳಗಾಲನ್ನು ಮುಂದಕ್ಕೆ ಎಳೆದು ನೋಡುತ್ತಾರೆ. ಅನುಭವದ ಕೈಗೆ ಅದರಲ್ಲೇ ಬಹುಪಾಲು ಗೊತ್ತಾಗುತ್ತದೆ. ವಿಜಯಪುರದಲ್ಲೇ ಎರಡು ವೈದ್ಯಕೀಯ ಕಾಲೇಜುಗಳಿವೆ. 1984ರಲ್ಲಿ ಶುರುವಾದ ಅಲ್-ಅಮೀನ್ ಒಂದು, 1986ರಲ್ಲಿ ಶುರುವಾದ ಬಿ.ಎಲ್.ಡಿ.ಇ. ಸಂಸ್ಥೆಯ ಬಿ.ಎಂ. ಪಾಟೀಲ ಕಾಲೇಜು ಇನ್ನೊಂದು. ಮೊದಲ ಪರೀಕ್ಷೆಗೆ ಬೆಂಗಳೂರಿನ ಬಸ್ಸು ಹತ್ತಬೇಕಾಗಿಲ್ಲ. ಆದರೆ ಎಲುಬು ಬಲಿಯದ ಮಗುವಿಗೆ ಆಪರೇಷನ್ ಎಂದಾದರೆ, ಮಕ್ಕಳಿಗೆ ಈ ಆಪರೇಷನ್ ಮಾಡಿದ ಅನುಭವವಿದೆಯೇ, ಯಾವ ವಿಧಾನ, ಸ್ಕ್ರೂ ಎಲ್ಲಿ ಕೂಡುತ್ತದೆ ಎಂದು ಕೇಳುವುದು ಪಾಲಕರ ಹಕ್ಕು. ಒಳ್ಳೆಯ ವೈದ್ಯರು ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ, ಚಿತ್ರ ಬರೆದು ತೋರಿಸುತ್ತಾರೆ.

ಒಂಬತ್ತು ತಿಂಗಳ ತಪಸ್ಸು

ತಂದೆಯ ಎರಡನೇ ಪ್ರಶ್ನೆ: “ಮತ್ತ ಆಡಬಹುದೇನ್ರಿ?”

ಆಡಬಹುದು, ಆದರೆ ಅವಸರವಿಲ್ಲದೆ. ತ್ರಿಪುರಾದ ಜಿಮ್ನಾಸ್ಟ್ ದೀಪಾ ಕರ್ಮಾಕರ್ ರಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದ ಮರುವರ್ಷ, 2017ರಲ್ಲಿ, ಇದೇ ಲಿಗಮೆಂಟಿನ ಆಪರೇಷನ್ ಮಾಡಿಸಿಕೊಂಡರು. ಟರ್ಕಿಯ ಮರ್ಸಿನ್‌ನಲ್ಲಿ ಚಿನ್ನ ಗೆದ್ದದ್ದು 2018ರ ಜುಲೈನಲ್ಲಿ. ಅದರ ಬೆನ್ನಲ್ಲೇ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಮೊಣಕಾಲು ಮತ್ತೆ ತೊಂದರೆ ಕೊಟ್ಟಿತು. ರಿಯೊದಲ್ಲಿ 2016ರಲ್ಲಿ ಕುಸ್ತಿ ಅಖಾಡದಿಂದ ಸ್ಟ್ರೆಚರ್ ಮೇಲೆ ಹೊರಬಂದ ವಿನೇಶ್ ಫೋಗಟ್ 2018ರಲ್ಲಿ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದರು. ಕ್ರಿಕೆಟ್ಟಿನ ರಿಷಭ್ ಪಂತ್ 2022ರ ಡಿಸೆಂಬರ್ ಅಪಘಾತದಲ್ಲಿ ಬಲ ಮೊಣಕಾಲಿನ ಲಿಗಮೆಂಟುಗಳನ್ನು ಕಳೆದುಕೊಂಡು, ಮುಂಬಯಿಯಲ್ಲಿ ಆಪರೇಷನ್ ಆಗಿ, ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ತಿಂಗಳುಗಟ್ಟಲೆ ನಡೆಯುವುದನ್ನೂ ಓಡುವುದನ್ನೂ ಹೊಸದಾಗಿ ಕಲಿತು, ಮತ್ತೆ ಮೈದಾನಕ್ಕಿಳಿದದ್ದು 2024ರ ಮಾರ್ಚ್ 23ರಂದು. ಇವರೆಲ್ಲ ಎಲುಬು ಬಲಿತವರು, ದಿನವಿಡೀ ಫಿಸಿಯೋಥೆರಪಿ ತಜ್ಞರು ಬೆನ್ನಿಗಿದ್ದವರು. ಅವರಿಗೇ ವರ್ಷ ಹಿಡಿದಿರುವಾಗ ಏಳನೇ ಇಯತ್ತೆಯ ಹುಡುಗಿಯನ್ನು ಆರು ತಿಂಗಳಿಗೆ ಮೈದಾನಕ್ಕೆ ದೂಡುವುದು ಯಾವ ನ್ಯಾಯ?

ಕೂರಿಸಿದ ಸ್ನಾಯುರಜ್ಜು ಲಿಗಮೆಂಟಾಗಿ ಮಾರ್ಪಡಲು ಕಾಲ ಬೇಕು. ಮೊದಲ ಕೆಲವು ತಿಂಗಳು ಅದು ಹೊಸ ರಕ್ತನಾಳಗಳನ್ನು ಪಡೆಯುತ್ತ, ಗಟ್ಟಿಯಾಗುವ ಬದಲು ಮೆತ್ತಗಾಗಿಯೇ ಇರುತ್ತದೆ. ಹೊರಗೆ ನೋವಿಲ್ಲ, ಬಾವಿಲ್ಲ, ಹುಡುಗಿ ಕುಣಿಯುತ್ತಾಳೆ. ಒಳಗೆ ಅದು ಎಳೆಯ ಬಳ್ಳಿ. ನಾರ್ವೆಯಲ್ಲಿ ವಯಸ್ಕರ ಮೇಲೆ ನಡೆಸಿದ ಅಧ್ಯಯನವೊಂದು ಕಂಡುಕೊಂಡಂತೆ, ಒಂಬತ್ತು ತಿಂಗಳವರೆಗೆ ಆಟಕ್ಕೆ ಮರಳುವುದನ್ನು ಒಂದೊಂದು ತಿಂಗಳು ಮುಂದೂಡಿದಂತೆಲ್ಲ ಮರುಪೆಟ್ಟಿನ ಪ್ರಮಾಣ ಸುಮಾರು ಅರ್ಧದಷ್ಟು ಇಳಿಯುತ್ತ ಹೋಗಿತ್ತು. ಆಟಕ್ಕೆ ಮರಳಿದ ಎಳೆಯರಲ್ಲಂತೂ ಅದೇ ಕಾಲಿಗೋ ಇನ್ನೊಂದಕ್ಕೋ ಮತ್ತೆ ಪೆಟ್ಟಾಗುವ ಸಂಭವ ನಾಲ್ಕರಲ್ಲಿ ಒಂದರ ಹತ್ತಿರ ಎಂದು ಲೆಕ್ಕಗಳು ಹೇಳುತ್ತವೆ. ಆದ್ದರಿಂದ ಮಕ್ಕಳಿಗೆ ಒಂಬತ್ತು ತಿಂಗಳು ಕನಿಷ್ಠ, ವರ್ಷವಾದರೆ ಲೇಸು. ಒಂಟಿಗಾಲಲ್ಲಿ ಕುಪ್ಪಳಿಸುವ ದೂರ, ತೊಡೆಯ ಬಲ ಎರಡೂ ಆರೋಗ್ಯವಂತ ಕಾಲಿನ ನೂರಕ್ಕೆ ತೊಂಬತ್ತರಷ್ಟಾದರೂ ಬಂದಿರಬೇಕು.

ಹಳ್ಳಿಯ ಮನೆಗಳಲ್ಲಿ ಆಪರೇಷನ್‌ಗಿಂತ ಕಠಿಣವಾದದ್ದು ಈ ಭಾಗ. ವಾರಕ್ಕೆರಡು ಸಲ ಬಸ್ಸು ಹಿಡಿದು ಪಟ್ಟಣಕ್ಕೆ ಹೋಗಿ ಬರುವುದೆಂದರೆ ತಂದೆಯ ಎರಡು ದಿನದ ದುಡಿಮೆ ಹೋಯಿತು. ಆಪರೇಷನ್‌ಗೆ ಸಾಲ ಮಾಡಿ, ವ್ಯಾಯಾಮಕ್ಕೆ ಹಣವಿಲ್ಲದೆ ಬಿಟ್ಟುಬಿಡುವ ಮನೆಗಳಿವೆ. ಎರಡನ್ನೂ ಸೇರಿಸಿಯೇ ಖರ್ಚು ಕೇಳಬೇಕು, ಸರಕಾರದ ಆರೋಗ್ಯ ಯೋಜನೆಯಲ್ಲಿ ಎಷ್ಟು ಸಿಗುತ್ತದೆ ಎಂಬುದನ್ನು ದಾಖಲಾಗುವ ಮುಂಚೆಯೇ ಆಸ್ಪತ್ರೆಯಲ್ಲಿ ವಿಚಾರಿಸಬೇಕು. ಮೊದಲ ತಿಂಗಳುಗಳ ವ್ಯಾಯಾಮಗಳಲ್ಲಿ ಹಲವಕ್ಕೆ ಯಂತ್ರ ಬೇಕಿಲ್ಲ. ಮೊಣಕಾಲಿನ ಕೆಳಗೆ ಟವೆಲ್ ಸುತ್ತಿಟ್ಟು ಒತ್ತುವುದು, ಕಾಲು ನೇರ ಮಾಡಿ ಎತ್ತುವುದು, ಗೋಡೆಗೆ ಬೆನ್ನು ಕೊಟ್ಟು ಅರ್ಧ ಕೂಡುವುದು ಇವನ್ನು ತಜ್ಞರಿಂದ ಒಮ್ಮೆ ಸರಿಯಾಗಿ ಕಲಿತರೆ ಪಡಸಾಲೆಯಲ್ಲೇ ಮಾಡಬಹುದು. ಕುಕ್ಕರುಗಾಲಲ್ಲಿ ಕೂಡುವುದಕ್ಕೆ ಮಾತ್ರ ವೈದ್ಯರು ಹೇಳುವವರೆಗೆ ತಡೆ. ಶೌಚಕ್ಕೆ ಕುರ್ಚಿಯ ಏರ್ಪಾಡು ಬೇಕಾಗುತ್ತದೆ. ಇದನ್ನು ಯಾರೂ ಮುಂಚೆ ಹೇಳಿರುವುದಿಲ್ಲ, ಮನೆಗೆ ಬಂದ ದಿನವೇ ಪೇಚಾಟ.

ಹುಡುಗಿಯರ ಮನೆಯಲ್ಲಿ ಇನ್ನೊಂದು ಪಿಸುಮಾತಿದೆ. ಕಾಲಿಗೆ ಆಪರೇಷನ್ ಆತಂದ್ರ ನಾಳೆ ಯಾರು ಮಾಡ್ಕೋತಾರ ಎಂಬುದು. ಆ ಭಯಕ್ಕೆ ಪೆಟ್ಟನ್ನೇ ಮುಚ್ಚಿಟ್ಟು ಆಟ ಬಿಡಿಸುವವರಿದ್ದಾರೆ. ಮುಚ್ಚಿಟ್ಟರೆ ಜರಿಯುವ ಮೊಣಕಾಲು ಜೀವನವಿಡೀ ಉಳಿಯುತ್ತದೆ. ಆಪರೇಷನ್‌ನ ಗುರುತು ಕೆಲವು ಚಿಕ್ಕ ಗೆರೆಗಳಷ್ಟೇ.

ತಿರುಗುವ, ಜಿಗಿಯುವ ಆಟಗಳಲ್ಲಿ ಹದಿಹರೆಯದ ಹುಡುಗಿಯರಿಗೆ ಈ ಪೆಟ್ಟು ಹುಡುಗರಿಗಿಂತ ಹೆಚ್ಚು. ಇಳಿಯುವಾಗ ಮೊಣಕಾಲು ಒಳಕ್ಕೆ ವಾಲುವುದು ಅದಕ್ಕೆ ಒಂದು ಕಾರಣ. ಇದನ್ನು ತಿದ್ದಬಹುದು ಎಂಬುದು ಸಂತೋಷದ ಸುದ್ದಿ. ಸ್ವೀಡನ್ನಿನಲ್ಲಿ 12ರಿಂದ 17 ವರ್ಷದ 4,564 ಫುಟ್‌ಬಾಲ್ ಹುಡುಗಿಯರ ಮೇಲೆ ನಡೆದ ಪ್ರಯೋಗದ ಫಲ 2012ರಲ್ಲಿ ಬಂತು. ವಾರಕ್ಕೆರಡು ಸಲ, ಅಭ್ಯಾಸದ ಮೊದಲು ಹದಿನೈದು ನಿಮಿಷ ಆರು ಬಗೆಯ ವ್ಯಾಯಾಮ ಮಾಡಿದ ತಂಡಗಳಲ್ಲಿ ಈ ಲಿಗಮೆಂಟಿನ ಪೆಟ್ಟು ನೂರಕ್ಕೆ 64ರಷ್ಟು ತಗ್ಗಿತ್ತು. ಒಂಟಿಗಾಲಿನ ಬೈಠಕ್, ಎರಡು ಕಾಲಿನ ಬೈಠಕ್, ಮಲಗಿ ಸೊಂಟ ಎತ್ತುವುದು, ಮೊಣಕೈ ಊರಿ ಮೈ ಹಲಗೆಯಂತೆ ಹಿಡಿಯುವುದು, ಒಂದು ಹೆಜ್ಜೆ ಮುಂದಿಟ್ಟು ಬಾಗುವುದು, ಜಿಗಿದು ಮೆತ್ತಗೆ ಇಳಿಯುವುದು ಇಷ್ಟೇ ಅವು. ಪ್ರತಿಯೊಂದರಲ್ಲೂ ಮೊಣಕಾಲು ಪಾದದ ಬೆರಳುಗಳ ನೇರಕ್ಕೆ ಇರಬೇಕು. ಗರಡಿಮನೆಯಲ್ಲಿ ಬೈಠಕ್ ಹೊಡೆದ ಅಜ್ಜಂದಿರ ನಾಡಿಗೆ ಇದು ಹೊಸದೂ ಅಲ್ಲ, ದುಬಾರಿಯೂ ಅಲ್ಲ. ದೈಹಿಕ ಶಿಕ್ಷಣದ ಮಾಸ್ತರರಿಗೆ ಬೇಕಾದದ್ದು ಸೀಟಿ ಮತ್ತು ಹದಿನೈದು ನಿಮಿಷ. ಕ್ರೀಡಾಕೂಟದ ಎಂಟು ದಿನ ಮುಂಚೆ ಶುರು ಮಾಡಿದರೆ ಸಾಲದು, ಜೂನ್‌ನಲ್ಲಿ ಶಾಲೆ ತೆರೆದಾಗಿನಿಂದಲೇ ಬೇಕು.

ಆಪರೇಷನ್ ಆದ ಮಗುವಿಗೆ ಇನ್ನೊಂದು ಕೆಲಸ ಬಾಕಿ ಇರುತ್ತದೆ, ಹೆಚ್ಚಿನವರು ಮರೆಯುವುದೂ ಅದನ್ನೇ. ಬೆಳವಣಿಗೆ ಮುಗಿಯುವವರೆಗೆ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ನಿಲ್ಲಿಸಿ, ಸೊಂಟದಿಂದ ಪಾದದವರೆಗೆ ಎರಡೂ ಕಾಲಿನ ಎಕ್ಸ್‌ರೇ ತೆಗೆಸಿ ಉದ್ದವನ್ನೂ ನೇರವನ್ನೂ ಅಳೆಯಬೇಕು. ಎಲ್ಲೋ ವಾಲುತ್ತಿದೆ ಎಂದು ಬೇಗ ಗೊತ್ತಾದರೆ, ಬೆಳೆಯುತ್ತಿರುವ ಬದಿಗೆ ಚಿಕ್ಕ ತಗಡೊಂದನ್ನು ಕೂರಿಸಿ ಅದನ್ನು ತುಸು ಕಾಲ ತಡೆದು, ಹಿಂದೆ ಬಿದ್ದ ಬದಿ ಸಮನಾಗುವಂತೆ ಮಾಡಬಹುದು. ಬೆಳವಣಿಗೆ ಮುಗಿದ ಮೇಲೆ ಗೊತ್ತಾದರೆ ಎಲುಬು ಕೊಯ್ದೇ ತಿದ್ದಬೇಕು. ಹಳೆಯ ಎಕ್ಸ್‌ರೇಗಳನ್ನು ಸುರುಳಿ ಸುತ್ತಿ ಅಟ್ಟದ ಮೇಲೆ ಎಸೆಯದೆ, ಒಂದು ಚೀಲದಲ್ಲಿ ದಿನಾಂಕದ ಪ್ರಕಾರ ಜೋಡಿಸಿಡುವುದು ಮನೆಯವರ ಪಾಲಿನ ಕೆಲಸ. ಜೈನಾಪುರದ ಆ ಹುಡುಗಿಯ ಚೀಲಕ್ಕೆ ಕೊನೆಯ ಎಕ್ಸ್‌ರೇ ಸೇರುವ ಹೊತ್ತಿಗೆ ಅವಳ ಕೈಗೆ ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್ಟೂ ಬಂದಿರುತ್ತದೆ.